ನೆಟ್ ಇದೆ, ಬ್ರೌಸರ್ ಮಾತ್ರ ಇಲ್ಲ ಅನ್ನುತ್ತದೆ: ನಾನು ದೋಷ ಹುಡುಕುವ ಬಗೆ

ಮೆಸೇಜ್ ಆ್ಯಪ್‌ಗೆ ಸಂದೇಶಗಳು ಬಂದು ಬೀಳುತ್ತಿವೆ, ಅದೇ ವೈಫೈನಲ್ಲಿರುವ ಫೋನ್‌ನಲ್ಲಿ ವಿಡಿಯೊ ಓಡುತ್ತಿದೆ. ಕ್ರೋಮ್ ಮಾತ್ರ ಡೈನೋಸಾರ್ ತೋರಿಸಿಕೊಂಡು 'ಇಂಟರ್‌ನೆಟ್ ಇಲ್ಲ' ಎಂದು ಕೂತಿದೆ. ಇಂಥ ಕಂಪ್ಯೂಟರ್ ಕೈಗೆ ಬಂದರೆ ರೀಸೆಟ್ ಆಜ್ಞೆಗಳಿಗೆ ನಾನು ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ರೀಸೆಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ ನಿಜ. ಆದರೆ ಯಾಕೆ ಕೆಟ್ಟಿತ್ತು ಅನ್ನುವ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ, ಕೆಲವು ದಿನ ಬಿಟ್ಟು ಅದೇ ತೊಂದರೆ ಮತ್ತೆ ವಕ್ಕರಿಸುತ್ತದೆ.

ಬ್ರೌಸರ್ ತಾನಾಗಿ ಇಂಟರ್‌ನೆಟ್ಟನ್ನು ನೋಡಿ ಹೇಳುವುದಿಲ್ಲ. ಆಪರೇಟಿಂಗ್ ಸಿಸ್ಟಮ್, ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ), ಪ್ರಾಕ್ಸಿ (ನಡುವೆ ನಿಂತು ಸಂಚಾರ ಸಾಗಿಸುವ ಮಧ್ಯವರ್ತಿ) ಇವುಗಳಲ್ಲಿ ಯಾವುದೋ ಒಂದು ಕೊಟ್ಟ ಉತ್ತರವನ್ನು ನಂಬಿ ತೀರ್ಪು ಕೊಡುತ್ತದೆ. ಹಾಗಾಗಿ ನಾನು ಹುಡುಕುವುದು ಒಂದನ್ನೇ: ಇದಕ್ಕೆ ಸುಳ್ಳು ಹೇಳಿದವರು ಯಾರು?

ಉತ್ತರದ ಅರ್ಧ ಭಾಗ ಆ ಪುಟದಲ್ಲೇ ಇರುತ್ತದೆ. ತಪ್ಪಿನ ಸಂದೇಶದ ಕೆಳಗೆ ಬೂದು ಬಣ್ಣದಲ್ಲಿ ಸಣ್ಣಕ್ಷರದ ಒಂದು ಸಾಲು ಇರುತ್ತದಲ್ಲ, ಜನ ಓದದೆ ಬಿಡುವುದು ಅದನ್ನೇ. 'ಇಂಟರ್‌ನೆಟ್ ಡಿಸ್‌ಕನೆಕ್ಟೆಡ್' ಎಂದಿದ್ದರೆ (ಕ್ರೋಮ್‌ನ ಒಳ ಸಂಖ್ಯೆ -106) ನೆಟ್‌ವರ್ಕೇ ಇಲ್ಲ ಎಂದು ಆಪರೇಟಿಂಗ್ ಸಿಸ್ಟಮ್ ಹೇಳಿದೆ. 'ನೇಮ್ ನಾಟ್ ರಿಸಾಲ್ವ್ಡ್' (-105) ಅಂದರೆ ಹೆಸರಿಗೆ ವಿಳಾಸ ಸಿಕ್ಕಿಲ್ಲ. 'ಪ್ರಾಕ್ಸಿ ಕನೆಕ್ಷನ್ ಫೇಲ್ಡ್' (-130) ಅಂದರೆ ನಡುವೆ ಕೂತ ಪ್ರಾಕ್ಸಿ ಬಾಗಿಲು ತೆಗೆದಿಲ್ಲ. 'ನೆಟ್‌ವರ್ಕ್ ಆಕ್ಸೆಸ್ ಡಿನೈಡ್' (-138) ಬಂದರೆ ನನ್ನ ಅನುಮಾನ ನೇರ ಫೈರ್‌ವಾಲ್ ಅಥವಾ ಆ್ಯಂಟಿವೈರಸ್ ಮೇಲೆ. ಪೂರ್ತಿ ಪಟ್ಟಿ ಬೇಕೆಂದರೆ ವಿಳಾಸ ಪಟ್ಟಿಯಲ್ಲಿ ಕ್ರೋಮ್://ನೆಟ್‌ವರ್ಕ್-ಎರರ್ಸ್ ಎಂದು ಹೊಡೆದು ನೋಡಬಹುದು. (ಆಜ್ಞೆ, ವಿಳಾಸಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟಲ್ಲಿ ಜಾಗ.)

'ಡಿಎನ್‌ಎಸ್ ಪ್ರೋಬ್ ಫಿನಿಶ್ಡ್' ಎಂದು ಶುರುವಾಗುವ ಸಾಲುಗಳ ಕಥೆ ಸ್ವಲ್ಪ ಬೇರೆ. ಹೆಸರು ಸಿಗದಿದ್ದಾಗ ಕ್ರೋಮ್ ಸುಮ್ಮನಾಗುವುದಿಲ್ಲ, ತಾನೇ ಎರಡು ಕಡೆ ಪರೀಕ್ಷೆಯ ಪ್ರಶ್ನೆ ಕಳಿಸುತ್ತದೆ: ಒಂದು ಕಂಪ್ಯೂಟರ್‌ನಲ್ಲಿ ಹೊಂದಿಸಿರುವ ಡಿಎನ್‌ಎಸ್‌ಗೆ, ಇನ್ನೊಂದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್‌ಗೆ. ನಮ್ಮದು ಸರಿಯಾಗಿ ಉತ್ತರಿಸಿದರೆ ಸಾಲಿನ ಕೊನೆಯಲ್ಲಿ 'ಎನ್‌ಎಕ್ಸ್‌ಡೊಮೇನ್' ಬರುತ್ತದೆ, ಅಂದರೆ ಆ ಹೆಸರೇ ಇಲ್ಲ. ನಮ್ಮದು ಕೈಕೊಟ್ಟು ಗೂಗಲ್‌ನದು ಉತ್ತರಿಸಿದರೆ 'ಬ್ಯಾಡ್ ಕಾನ್ಫಿಗ್'. ಎರಡೂ ಮುಟ್ಟದಿದ್ದರೆ 'ನೋ ಇಂಟರ್‌ನೆಟ್'. ತಪ್ಪು ತೀರ್ಪು ಹುಟ್ಟುವುದು ಈ ಮೂರನೆಯದರಲ್ಲಿ. ಹೊರಗಿನ ಡಿಎನ್‌ಎಸ್‌ಗೆ ಹೋಗುವ 53ನೇ ಪೋರ್ಟನ್ನು (ಪೋರ್ಟ್ ಅಂದರೆ ಸಂಚಾರಕ್ಕೆ ಸಂಖ್ಯೆ ಕೊಟ್ಟ ಬಾಗಿಲು) ಅನೇಕ ಕಚೇರಿ, ಕಾಲೇಜು ನೆಟ್‌ವರ್ಕ್‌ಗಳು ಮುಚ್ಚಿಟ್ಟಿರುತ್ತವೆ. ಅಂಥ ಕಡೆ ಒಳಗಿನ ಡಿಎನ್‌ಎಸ್ ಕೆಲವು ಸೆಕೆಂಡ್ ತಡವರಿಸಿದರೂ ಸಾಕು, ಎರಡೂ ಪರೀಕ್ಷೆ ನಪಾಸಾಗಿ ಕ್ರೋಮ್ 'ಇಂಟರ್‌ನೆಟ್ಟೇ ಇಲ್ಲ' ಎಂದು ಘೋಷಿಸಿಬಿಡುತ್ತದೆ. ತಂತಿ, ವೈಫೈ, ರೂಟರ್ ಯಾವುದರಲ್ಲೂ ದೋಷ ಇರುವುದಿಲ್ಲ.

ಸಾಲು ಓದಿದ ಮೇಲೆ ವಿಂಡೋಸ್‌ನ ಕಮ್ಯಾಂಡ್ ಪ್ರಾಂಪ್ಟ್ ತೆರೆದು ನಾಲ್ಕು ಆಜ್ಞೆ ಕೊಡುತ್ತೇನೆ. ಈ ಕ್ರಮವನ್ನು ಬದಲಾಯಿಸುವುದಿಲ್ಲ:

ಪಿಂಗ್ 8.8.8.8
ಎನ್‌ಎಸ್‌ಲುಕಪ್ ಎಕ್ಸಾಂಪಲ್.ಕಾಮ್
ಎನ್‌ಎಸ್‌ಲುಕಪ್ ಎಕ್ಸಾಂಪಲ್.ಕಾಮ್ 1.1.1.1
ಕರ್ಲ್ -ಐ ಎಚ್‌ಟಿಟಿಪಿಎಸ್://ಎಕ್ಸಾಂಪಲ್.ಕಾಮ್ (ಇಲ್ಲಿ ಐ ದೊಡ್ಡಕ್ಷರ)

ಮೊದಲನೆಯದಕ್ಕೆ ಉತ್ತರ ಬಂದರೆ ದಾರಿ ತೆರೆದಿದೆ. ಬರದಿದ್ದರೂ ಗಾಬರಿ ಬೇಡ, ಪಿಂಗ್ ತಡೆಯುವ ನೆಟ್‌ವರ್ಕ್‌ಗಳು ಬೇಕಾದಷ್ಟಿವೆ. ಎರಡನೆಯದು ಸೋತು ಮೂರನೆಯದು ಗೆದ್ದರೆ ಕಂಪ್ಯೂಟರ್‌ನಲ್ಲಿ ಬರೆದಿರುವ ಡಿಎನ್‌ಎಸ್ ವಿಳಾಸ ಕೆಟ್ಟಿದೆ. ಎರಡೂ ಗೆದ್ದು ಬ್ರೌಸರ್ ಮಾತ್ರ ಹೆಸರು ಸಿಗಲಿಲ್ಲ ಅಂದರೆ ಹೋಸ್ಟ್ಸ್ ಫೈಲನ್ನೂ (ಕಂಪ್ಯೂಟರ್‌ನಲ್ಲೇ ಇರುವ ಹೆಸರು-ವಿಳಾಸದ ಪಟ್ಟಿ) ಡಿಎನ್‌ಎಸ್ ಕ್ಯಾಶನ್ನೂ (ಹಿಂದೆ ಸಿಕ್ಕ ಉತ್ತರಗಳ ನೆನಪು) ನೋಡುತ್ತೇನೆ. ಎನ್‌ಎಸ್‌ಲುಕಪ್ ಇವೆರಡನ್ನೂ ಬದಿಗಿಟ್ಟು ನೇರ ಸರ್ವರನ್ನೇ ಕೇಳುತ್ತದೆ, ಬ್ರೌಸರ್ ಹಾಗಲ್ಲ. ಕ್ಯಾಶ್ ತೆಗೆಯಲು ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್. ಕ್ರೋಮ್ ತನ್ನದೇ ಒಂದು ಕ್ಯಾಶ್ ಇಟ್ಟುಕೊಂಡಿರುತ್ತದೆ. ಅದು ಕ್ರೋಮ್://ನೆಟ್-ಇಂಟರ್ನಲ್ಸ್/#ಡಿಎನ್‌ಎಸ್ ಪುಟದಲ್ಲಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರಿಯ. ಕರ್ಲ್ ಬ್ರೌಸರ್ ಇಲ್ಲದೆಯೇ ಪುಟ ಕೇಳುವ ಆಜ್ಞೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿರುವ ಪ್ರಾಕ್ಸಿಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ, ಕ್ರೋಮ್ ಮತ್ತು ಎಡ್ಜ್ ಮಾತ್ರ ಅದನ್ನು ತಪ್ಪದೆ ಪಾಲಿಸುತ್ತವೆ. ಹಾಗಾಗಿ ಕರ್ಲ್‌ಗೆ '200' (ಅಂದರೆ ಪುಟ ಸಿಕ್ಕಿತು) ಎಂಬ ಉತ್ತರ ಬಂದು ಎರಡೂ ಬ್ರೌಸರ್ ನೆಟ್ ಇಲ್ಲ ಅಂದರೆ, ನಾನು ಬೇರೇನೂ ಯೋಚಿಸದೆ ಪ್ರಾಕ್ಸಿ ಪುಟ ತೆರೆಯುತ್ತೇನೆ: ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಪ್ರಾಕ್ಸಿ.

ಅಲ್ಲಿ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. 'ಯೂಸ್ ಎ ಪ್ರಾಕ್ಸಿ ಸರ್ವರ್' ಆನ್ ಆಗಿರುತ್ತದೆ, ವಿಳಾಸ 127.0.0.1, ಪೋರ್ಟ್ 8888 ಅಥವಾ 8080. 127.0.0.1 ಅಂದರೆ ಅದೇ ಕಂಪ್ಯೂಟರ್. ವೆಬ್ ಸಂಚಾರವನ್ನು ನೋಡುವ ಡೆವಲಪರ್ ಸಾಧನ, ಕೆಲವು ವಿಪಿಎನ್, ಜಾಹೀರಾತು ತಡೆಯುವ ಕೆಲವು ಸಾಫ್ಟ್‌ವೇರ್ ಇವೆಲ್ಲ ಶುರುವಾಗುವಾಗ ಇಲ್ಲಿ ತಮ್ಮ ವಿಳಾಸ ಬರೆದು, ಮುಚ್ಚುವಾಗ ಅಳಿಸುತ್ತವೆ. ಪ್ರೋಗ್ರಾಮ್ ಕ್ರ್ಯಾಶ್ ಆದರೆ ಅಥವಾ ಕರೆಂಟ್ ಹೋದರೆ ಅಳಿಸುವ ಕೆಲಸ ಉಳಿದುಹೋಗುತ್ತದೆ. ಬ್ರೌಸರ್ ಪ್ರತಿ ಪುಟವನ್ನೂ ಖಾಲಿ ಮನೆಯ ಬಾಗಿಲಿಗೆ ಒಯ್ಯುತ್ತಿರುತ್ತದೆ. ಖಾತ್ರಿ ಮಾಡಿಕೊಳ್ಳಲು ನೆಟ್‌ಸ್ಟ್ಯಾಟ್ -ಎಎನ್‌ಒ | ಫೈಂಡ್‌ಸ್ಟ್ರ್ 8888 ಎಂದು ಕೊಡುತ್ತೇನೆ. 'ಲಿಸನಿಂಗ್' ಎಂಬ ಸಾಲು ಬರಲಿಲ್ಲವೆಂದರೆ ಆ ಪೋರ್ಟ್‌ನಲ್ಲಿ ಕೇಳುವವರು ಯಾರೂ ಇಲ್ಲ; ಪ್ರಾಕ್ಸಿ ಆಫ್ ಮಾಡಿದರೆ ಆಯಿತು. ಸಾಲು ಬಂದರೆ ಕೊನೆಯಲ್ಲಿ ಪ್ರೊಸೆಸ್ ಸಂಖ್ಯೆ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಅದೇ ಸಂಖ್ಯೆ ಹುಡುಕಿದರೆ ಯಾರ ಕೆಲಸ ಎಂದು ಗೊತ್ತಾಗುತ್ತದೆ.

ಆಫ್ ಮಾಡಿದ ಪ್ರಾಕ್ಸಿ ರೀಸ್ಟಾರ್ಟ್ ಆದ ಮೇಲೆ ತಾನಾಗಿ ಆನ್ ಆಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಯಾವುದೋ ಪ್ರೋಗ್ರಾಮ್ ಹಟ ಹಿಡಿದು ಬರೆಯುತ್ತಿದೆ, ಅದು ಮಾಲ್‌ವೇರ್ ಆಗಿರುವ ಸಾಧ್ಯತೆಯೂ ಇದೆ. ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಬ್ರೌಸರ್ ಎಕ್ಸ್‌ಟೆನ್ಶನ್ ಮೂರನ್ನೂ ಜಾಲಾಡುತ್ತೇನೆ. ಕ್ರೋಮ್://ಪಾಲಿಸಿ ಪುಟದಲ್ಲಿ ಪ್ರಾಕ್ಸಿ ಹೆಸರಿನ ನಿಯಮ ಕಂಡರೆ ಅದು ಸಂಸ್ಥೆ ಹಾಕಿದ್ದೋ, ಮಾಲ್‌ವೇರ್ ಹಾಕಿದ್ದೋ ಮೊದಲು ತಿಳಿದುಕೊಳ್ಳಬೇಕು. ಸಂಸ್ಥೆಯ ಕಂಪ್ಯೂಟರ್ ಆದರೆ ಮುಟ್ಟುವುದಿಲ್ಲ.

ಫೈರ್‌ಫಾಕ್ಸ್‌ನದು ಸ್ವತಂತ್ರ ಸಂಸಾರ. ಪ್ರಾಕ್ಸಿಯನ್ನು ತನ್ನದೇ ಕನೆಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳಬಲ್ಲದು. ಅದರಲ್ಲಿ 'ವರ್ಕ್ ಆಫ್‌ಲೈನ್' ಎಂಬ ಹಳೆಯ ಕಾಲದ ಒಂದು ಆಯ್ಕೆ ಇನ್ನೂ ಉಳಿದಿದೆ. ಆಲ್ಟ್ ಒತ್ತಿದರೆ ಮೇಲೆ ಮೆನು ಬರುತ್ತದೆ, ಫೈಲ್ ಒಳಗೆ ಕೆಳಗಡೆ ಅದು ಟಿಕ್ ಆಗಿದ್ದರೆ ತೆಗೆಯಬೇಕು. ಕೀಬೋರ್ಡ್ ಮೇಲೆ ಕೈ ತಪ್ಪಿ ಅದು ಆನ್ ಆದದ್ದನ್ನು ನಾನು ಕಂಡಿದ್ದೇನೆ, ಯಾರೂ ಅಲ್ಲಿ ಹುಡುಕುವುದಿಲ್ಲ.

ಗಡಿಯಾರದ ತೊಂದರೆ ಇದಕ್ಕಿಂತ ಕುತಂತ್ರಿ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತರೆ ಪ್ಲಗ್ ತೆಗೆದು ಹಾಕಿದಾಗ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತದೆ. ಸೈಟ್‌ನ ಗುರುತು ಖಾತ್ರಿಪಡಿಸುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳಿಗೆ ಶುರು ಮತ್ತು ಮುಕ್ತಾಯದ ದಿನಾಂಕ ಇರುವುದರಿಂದ ಅವೆಲ್ಲ 'ಇನ್ನೂ ಜಾರಿಗೆ ಬಂದಿಲ್ಲ' ಎಂದು ತಿರಸ್ಕೃತವಾಗುತ್ತವೆ. ಸಾಮಾನ್ಯವಾಗಿ ಆಗ 'ಸರ್ಟ್ ಡೇಟ್ ಇನ್‌ವ್ಯಾಲಿಡ್' ಎಂಬ ಸ್ಪಷ್ಟ ತಪ್ಪೇ ಬರುತ್ತದೆ. ಆದರೆ ಬ್ರೌಸರ್‌ನಲ್ಲಿ ಸುರಕ್ಷಿತ ಡಿಎನ್‌ಎಸ್ ಆನ್ ಮಾಡಿ ಒಂದೇ ಸರ್ವರ್‌ಗೆ ಕಟ್ಟುಹಾಕಿದ್ದರೆ (ಫೈರ್‌ಫಾಕ್ಸ್‌ನ 'ಮ್ಯಾಕ್ಸ್ ಪ್ರೊಟೆಕ್ಷನ್' ಹಾಗೆ) ಡಿಎನ್‌ಎಸ್ ಪ್ರಶ್ನೆ ಹೋಗುವುದೇ ಎಚ್‌ಟಿಟಿಪಿಎಸ್ ಮೂಲಕ. ಪ್ರಮಾಣಪತ್ರ ತಿರಸ್ಕಾರವಾಯಿತು, ಹೆಸರು ಸಿಗಲಿಲ್ಲ, ಪುಟ ತೆರೆಯುವುದಿಲ್ಲ. ಗಡಿಯಾರದ ಮಾತೇ ಎಲ್ಲೂ ಬರುವುದಿಲ್ಲ. ಹಾಗಾಗಿ ಟಾಸ್ಕ್‌ಬಾರ್‌ನ ಗಂಟೆ ಮಾತ್ರ ನೋಡಿ ಸುಮ್ಮನಾಗದೆ ವರ್ಷವನ್ನೂ ನೋಡಬೇಕು. ಮೊದಲು ವರ್ಷ, ತಿಂಗಳನ್ನು ಕೈಯಾರೆ ತಿದ್ದಿ, ಆಮೇಲೆ 'ಸಿಂಕ್ ನೌ' ಒತ್ತುತ್ತೇನೆ. ಮತ್ತೆ ಹಿಂದೆ ಹೋದರೆ ಬ್ಯಾಟರಿ ಬದಲು.

ಇನ್ನು ವಿಂಡೋಸ್‌ನ ಟಾಸ್ಕ್‌ಬಾರ್‌ನಲ್ಲೇ ಗೋಳದ ಚಿತ್ರ ಬಂದು 'ನೋ ಇಂಟರ್‌ನೆಟ್' ಎಂದಿದ್ದರೆ? ವಿಂಡೋಸ್ ಇದನ್ನು ಕಂಡುಹಿಡಿಯುವ ರೀತಿ ಸರಳ. ಡಬ್ಲ್ಯುಡಬ್ಲ್ಯುಡಬ್ಲ್ಯು.ಎಂಎಸ್‌ಎಫ್‌ಟಿಕನೆಕ್ಟ್‌ಟೆಸ್ಟ್.ಕಾಮ್/ಕನೆಕ್ಟ್‌ಟೆಸ್ಟ್.ಟಿಎಕ್ಸ್‌ಟಿ ಎಂಬ ಪುಟ್ಟ ಫೈಲನ್ನು ಸಾದಾ ಎಚ್‌ಟಿಟಿಪಿಯಲ್ಲಿ ಕೇಳುತ್ತದೆ. ಅದರಲ್ಲಿ 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್' ಎಂಬ ಮೂರೇ ಪದ ಇರಬೇಕು. ಜಾಹೀರಾತು ತಡೆಯುವ ಹೋಸ್ಟ್ಸ್ ಪಟ್ಟಿ ಅಥವಾ ಡಿಎನ್‌ಎಸ್ ಫಿಲ್ಟರ್ ಆ ಹೆಸರನ್ನು ತಡೆದರೆ ನೆಟ್ ಪೂರ್ತಿ ಓಡುತ್ತಿದ್ದರೂ ಗೋಳ ಹೋಗುವುದಿಲ್ಲ, ಆ ಸೂಚನೆಯನ್ನು ನಂಬಿದ ಕೆಲವು ಆ್ಯಪ್‌ಗಳು ಕೆಲಸವನ್ನೇ ನಿಲ್ಲಿಸುತ್ತವೆ. ಆ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ಮೂರು ಪದ ಬರುತ್ತದೆಯೇ ನೋಡಿ. ಬರದಿದ್ದರೆ ತಡೆ ಪಟ್ಟಿಯಿಂದ ಆ ಹೆಸರನ್ನು ಬಿಡಿಸಿ. ರಿಜಿಸ್ಟ್ರಿಯಲ್ಲಿ 'ಎನೇಬಲ್ ಆ್ಯಕ್ಟಿವ್ ಪ್ರೋಬಿಂಗ್' ಅನ್ನು 0 ಮಾಡಿ ಈ ಪರೀಕ್ಷೆಯನ್ನೇ ನಿಲ್ಲಿಸುವ ಸಲಹೆ ಆಗಾಗ ಕಾಣುತ್ತದೆ, ನಾನು ಒಪ್ಪುವುದಿಲ್ಲ. ಲಾಗಿನ್ ಕೇಳುವ ಸಾರ್ವಜನಿಕ ವೈಫೈಗಳಲ್ಲಿ ಆ ಲಾಗಿನ್ ಪುಟ ತಾನಾಗಿ ತೆರೆಯುವುದು ಇದೇ ಪರೀಕ್ಷೆಯಿಂದ. ಅದರ ಬೆಲೆ 1 ಇರಲಿ.

ಆ್ಯಂಡ್ರಾಯ್ಡ್‌ನಲ್ಲೂ ಇಂಥದ್ದೇ ಪರೀಕ್ಷೆ ಇದೆ. ಅಲ್ಲಿ ಖಾಲಿ ಉತ್ತರ, ಸಂಕೇತ 204 ಬರಬೇಕು. ಫೋನ್‌ನಲ್ಲಿ ಮೊದಲು ನೋಡಬೇಕಾದ್ದು 'ಪ್ರೈವೇಟ್ ಡಿಎನ್‌ಎಸ್'. ಅಲ್ಲಿ ಕೈಯಾರೆ ಒಂದು ಹೆಸರು ಬರೆದಿದ್ದು, ವೈಫೈ ಅದು ಬಳಸುವ 853ನೇ ಪೋರ್ಟ್ ಮುಚ್ಚಿದ್ದರೆ ಯಾವ ಪುಟವೂ ತೆರೆಯುವುದಿಲ್ಲ. 'ಆಟೊಮ್ಯಾಟಿಕ್'ಗೆ ತಂದರೆ ಸರಿ.

ಒಂದು ಬ್ರೌಸರ್ ಓಡಿ ಇನ್ನೊಂದು ನಿಂತಿದ್ದರೆ, ಪ್ರಾಕ್ಸಿ ಡಿಎನ್‌ಎಸ್ ಎರಡೂ ಸರಿಯಿದ್ದರೆ, ಉಳಿಯುವುದು ಫೈರ್‌ವಾಲ್. ವಿಂಡೋಸ್ ಕೀ ಜೊತೆ ಆರ್ ಒತ್ತಿ ಡಬ್ಲ್ಯುಎಫ್.ಎಂಎಸ್‌ಸಿ ಕೊಟ್ಟು, 'ಔಟ್‌ಬೌಂಡ್ ರೂಲ್ಸ್'ನಲ್ಲಿ ಕೆಂಪು ಚಿಹ್ನೆಯ ಸಾಲುಗಳನ್ನು ಮಾತ್ರ ನೋಡುತ್ತೇನೆ. ವಿಪಿಎನ್‌ನ 'ಕಿಲ್ ಸ್ವಿಚ್' (ವಿಪಿಎನ್ ಕಡಿದರೆ ನೆಟ್ಟನ್ನೇ ನಿಲ್ಲಿಸುವ ಆಯ್ಕೆ) ಹಾಕುವ ತಡೆ ಈ ಪಟ್ಟಿಯಲ್ಲಿ ಕಾಣದೆಯೂ ಇರಬಹುದು. ಅದಕ್ಕೆ ಮದ್ದು ಆ ವಿಪಿಎನ್ ಆ್ಯಪನ್ನೇ ಮತ್ತೆ ತೆರೆದು, ಕನೆಕ್ಟ್ ಮಾಡಿ, ಕ್ರಮವಾಗಿ ಡಿಸ್‌ಕನೆಕ್ಟ್ ಮಾಡುವುದು. ಐಪಿಕಾನ್ಫಿಗ್ /ಆಲ್ ಕೊಟ್ಟಾಗ ಡಿಎನ್‌ಎಸ್ ಸಾಲಿನಲ್ಲಿ ಸಂಬಂಧವೇ ಇಲ್ಲದ 10ರಿಂದ ಶುರುವಾಗುವ ವಿಳಾಸ ಕಂಡರೆ ಅದೂ ವಿಪಿಎನ್ ಬಿಟ್ಟುಹೋದ ಕಸವೇ ಇರಬಹುದು.

ವೆಬ್ ಡೆವಲಪರ್‌ಗಳಿಗೆ ಒಂದು ಮಾತು: ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಆಫ್‌ಲೈನ್' ಆರಿಸಿ ಮರೆತಿದ್ದರೆ ಆ ಟ್ಯಾಬ್‌ಗೆ ನೆಟ್ ಇರುವುದಿಲ್ಲ, ಡೆವ್‌ಟೂಲ್ಸ್ ಮುಚ್ಚುವವರೆಗೂ. ನೆಟ್‌ವರ್ಕ್ ಎಂಬ ಹೆಸರಿನ ಪಕ್ಕ ಎಚ್ಚರಿಕೆಯ ತ್ರಿಕೋನ ಇರುತ್ತದೆ. ಒಂದೇ ಸೈಟ್ 'ನೀವು ಆಫ್‌ಲೈನ್ ಇದ್ದೀರಿ' ಅನ್ನುತ್ತಿದ್ದರೆ ಅದು ಬ್ರೌಸರ್‌ನ ಮಾತಲ್ಲ, ಸೈಟ್‌ನ ಸರ್ವಿಸ್ ವರ್ಕರ್ ತೋರಿಸುವ ಪುಟ. ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಅದನ್ನು 'ಅನ್‌ರಿಜಿಸ್ಟರ್' ಮಾಡಿ ರೀಲೋಡ್ ಮಾಡಬೇಕು.

ಇಷ್ಟಕ್ಕೂ ಬಗ್ಗದಿದ್ದಾಗ ಅಡ್ಮಿನ್ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್, ಆಮೇಲೆ ನೆಟ್‌ಎಸ್‌ಎಚ್ ಐಎನ್‌ಟಿ ಐಪಿ ರೀಸೆಟ್, ಆಮೇಲೆ ರೀಸ್ಟಾರ್ಟ್. ರೀಸ್ಟಾರ್ಟ್ ಮಾಡದಿದ್ದರೆ ಕೊಟ್ಟದ್ದು ವ್ಯರ್ಥ. ಎರಡನೆಯ ಆಜ್ಞೆ ಕೈಯಾರೆ ಬರೆದ ಐಪಿ, ಗೇಟ್‌ವೇ, ಡಿಎನ್‌ಎಸ್ ವಿಳಾಸಗಳನ್ನು ಒರೆಸಿಹಾಕುತ್ತದೆ. ಹಾಗಾಗಿ ಮೊದಲೇ ಐಪಿಕಾನ್ಫಿಗ್ /ಆಲ್ ಫಲಿತಾಂಶವನ್ನು ಒಂದು ಫೈಲಿಗೆ ಉಳಿಸಿಟ್ಟುಕೊಳ್ಳುತ್ತೇನೆ. ಹಳೆಯ ಆ್ಯಂಟಿವೈರಸ್ ತೆಗೆದ ಮೇಲೂ ಅದರ ನೆಟ್‌ವರ್ಕ್ ಫಿಲ್ಟರ್ ಉಳಿದಿದ್ದರೆ ಈ ರೀಸೆಟ್ ಸಾಲದು. ತಯಾರಕರೇ ಕೊಡುವ ತೆಗೆಯುವ ಸಾಧನ ಬೇಕಾಗುತ್ತದೆ.

ತೊಂದರೆ ಬಂದು ಹೋಗುವ ಜಾತಿಯದಾದರೆ ಇವೆಲ್ಲ ಮಾಡುವಷ್ಟರಲ್ಲಿ ಅದು ಮಾಯ. ಅಂಥದಕ್ಕೆ ಕ್ರೋಮ್://ನೆಟ್-ಎಕ್ಸ್‌ಪೋರ್ಟ್ ಪುಟದಲ್ಲಿ 'ಸ್ಟಾರ್ಟ್ ಲಾಗಿಂಗ್' ಒತ್ತಿ ಇನ್ನೊಂದು ಟ್ಯಾಬ್‌ನಲ್ಲಿ ಕೆಲಸ ಮುಂದುವರಿಸುತ್ತೇನೆ. ತಪ್ಪಿನ ಪುಟ ಬಂದ ತಕ್ಷಣ ನಿಲ್ಲಿಸಿ, ಫೈಲ್‌ನಲ್ಲಿ -106, -105, -130 ಯಾವುದು ಮೊದಲು ಕಾಣುತ್ತದೆ ಎಂದು ಹುಡುಕುತ್ತೇನೆ. ಕುಕೀ ತೆಗೆದ ಲಾಗ್ ಆದರೂ ಭೇಟಿ ಕೊಟ್ಟ ವಿಳಾಸಗಳು ಅದರಲ್ಲಿ ಇರುತ್ತವೆ. ಬೇರೆಯವರಿಗೆ ಕಳಿಸುವುದಿದ್ದರೆ ಬೇಡದ ಟ್ಯಾಬ್‌ಗಳನ್ನು ಲಾಗಿಂಗ್‌ಗೆ ಮೊದಲೇ ಮುಚ್ಚಿ.