ಖರ್ಚಿನ ಲೆಕ್ಕ ಬರೆದಿಟ್ಟು ನಾನು ಕಂಡುಕೊಂಡದ್ದು

ಖರ್ಚು ಬರೆದಿಡುವುದು ದುಂದುವೆಚ್ಚ ತಡೆಯುವ ಉಪಾಯವೆಂದೇ ಹೆಚ್ಚಿನವರು ಭಾವಿಸುತ್ತಾರೆ. ನನಗೆ ದೊರೆತ ಮುಖ್ಯ ಪ್ರಯೋಜನ ಬೇರೆ: ದಿಢೀರನೆ ಎದುರಾಗುತ್ತವೆ ಎಂದುಕೊಂಡಿದ್ದ ಖರ್ಚುಗಳಲ್ಲಿ ಬಹುಪಾಲು ವರ್ಷವರ್ಷವೂ ತಪ್ಪದೆ ಬರುವಂಥವೇ ಎಂಬುದು ಲೆಕ್ಕದಿಂದ ಸ್ಪಷ್ಟವಾಯಿತು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿರುವುದು ದಿನಾಂಕ, ಮೊತ್ತ, ಬಾಬತ್ತು, ಪಾವತಿಯ ಬಗೆ ಎಂಬ ನಾಲ್ಕೇ ಕಾಲಂಗಳು. ಬಾಬತ್ತುಗಳು ಹೆಚ್ಚಾದಷ್ಟೂ ಯಾವುದನ್ನು ಎಲ್ಲಿ ಸೇರಿಸಬೇಕೆಂಬ ಯೋಚನೆಯಲ್ಲೇ ಬರೆಯುವ ಉತ್ಸಾಹ ಕರಗುವುದರಿಂದ ಅವನ್ನು ಹತ್ತರೊಳಗೆ ಇಟ್ಟಿದ್ದೇನೆ. ಕ್ರೆಡಿಟ್ ಕಾರ್ಡಿನ ಖರೀದಿಯನ್ನು ಖರೀದಿಸಿದ ದಿನವೇ ಬರೆಯುತ್ತೇನೆ. ಮುಂದೆ ಬಿಲ್ ಕಟ್ಟಿದಾಗ ಅದನ್ನು ಮತ್ತೆ ಖರ್ಚೆಂದು ಸೇರಿಸಿದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಎಟಿಎಂನಿಂದ ತೆಗೆದ ನಗದಾಗಲಿ, ನನ್ನದೇ ಇನ್ನೊಂದು ಖಾತೆಗೆ ಕಳಿಸಿದ ಹಣವಾಗಲಿ ಖರ್ಚಲ್ಲ.

ತಿಂಗಳ ಆರಂಭದಲ್ಲಿ ಕೈಯಲ್ಲೂ ಖಾತೆಗಳಲ್ಲೂ ಇದ್ದ ಹಣಕ್ಕೆ ಆದಾಯವನ್ನು ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆದು, ಕಾರ್ಡಿನ ಬಾಕಿ ಏರಿದ್ದರೆ ಅಷ್ಟನ್ನು ಕೂಡಿಸಿ, ಇಳಿದಿದ್ದರೆ ಅಷ್ಟನ್ನು ಕಳೆದರೆ ನಿಜವಾದ ಖರ್ಚು ತಿಳಿಯುತ್ತದೆ. ಬರೆದ ಮೊತ್ತಕ್ಕೂ ಇದಕ್ಕೂ ಇರುವ ಅಂತರವನ್ನು 'ಲೆಕ್ಕಕ್ಕೆ ಸಿಗದ್ದು' ಎಂಬ ಸಾಲಿಗೆ ಹಾಕಿ ಮುಂದೆ ಸಾಗುತ್ತೇನೆ. ಚಿಲ್ಲರೆಯ ಜಾಡು ಹಿಡಿದು ಕೂರುವುದು ಲೆಕ್ಕವಲ್ಲ, ಶಿಕ್ಷೆ.

ವರ್ಷದ ದಾಖಲೆಯನ್ನು ಒಟ್ಟಿಗೆ ನೋಡಿದಾಗ ವಿಮೆಯ ಕಂತು, ಶಾಲಾ ಶುಲ್ಕ, ವಾಹನದ ದುರಸ್ತಿ, ತಾನಾಗಿಯೇ ನವೀಕರಣಗೊಳ್ಳುವ ಚಂದಾಗಳು ಬೇರೆಬೇರೆ ತಿಂಗಳುಗಳಲ್ಲಿ ಚದುರಿದ್ದರಿಂದಲೇ ಕಣ್ತಪ್ಪಿಸಿಕೊಂಡಿದ್ದವು ಎಂಬುದು ಕಂಡಿತು. ಈಗ ಅವೆಲ್ಲದರ ಮೊತ್ತದ ಹನ್ನೆರಡನೆಯ ಒಂದು ಪಾಲನ್ನು ಪ್ರತಿ ತಿಂಗಳು ಪ್ರತ್ಯೇಕ ಖಾತೆಗೆ ಹಾಕುತ್ತೇನೆ. ಕಂತಿನ ದಿನ ಬಂದಾಗ ಉಳಿತಾಯವನ್ನು ಮುರಿಯಬೇಕಾಗುವುದಿಲ್ಲ. ತುರ್ತುನಿಧಿ ಎಷ್ಟಿರಬೇಕೆಂದು ನಿರ್ಧರಿಸಲೂ ಊಹೆಗಿಂತ ಈ ಅಂಕಿಗಳೇ ಹೆಚ್ಚು ನೆರವಾದವು. ಮನೆಯಲ್ಲಿ ಹಣದ ಮಾತು ಬಂದಾಗ ಯಾರು ಹೆಚ್ಚು ಖರ್ಚು ಮಾಡಿದರೆಂಬ ವಾದದ ಬದಲು ಯಾವ ಬಾಬತ್ತು ಏರಿದೆ ಎಂಬ ಚರ್ಚೆ ನಡೆಯುತ್ತದೆ.

ಆದಾಯವೇ ಸಾಲದಿದ್ದರೆ ಯಾವ ಲೆಕ್ಕವೂ ಆ ಕೊರತೆಯನ್ನು ತುಂಬಲಾರದು. ಬಾಡಿಗೆಯನ್ನು ಬರೆದಿಟ್ಟ ಮಾತ್ರಕ್ಕೆ ಬಾಡಿಗೆ ಇಳಿಯುವುದಿಲ್ಲ. ಬ್ಯಾಂಕಿನ ಸಂದೇಶಗಳನ್ನು ಓದಿ ತಾವೇ ಲೆಕ್ಕ ಹಾಕುವ ಆ್ಯಪ್‌ಗಳಿದ್ದರೂ, ಅವುಗಳಿಗೆ ನಗದು ಕಾಣದು. ಮೊತ್ತವನ್ನು ಕೈಯಾರೆ ಬರೆಯುವಾಗ ಆ ಖರ್ಚಿನ ಬಗ್ಗೆ ಮೂಡುವ ಎಚ್ಚರವೂ ಅಲ್ಲಿಲ್ಲ. ಆದ್ದರಿಂದ ಪ್ರತಿ ಸಂಜೆ ನಾನೇ ಬರೆಯುವುದನ್ನು ಮುಂದುವರಿಸಿದ್ದೇನೆ.