ಗ್ಲೈಡರ್ ಇಳಿಸುವಾಗ ಗಾಳಿ ಮಳೆಯ ಅಪಾಯಗಳನ್ನು ಎದುರಿಸುವುದು ಹೇಗೆ?

ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲವಾದ್ದರಿಂದ, ಇಳಿಯುವಾಗ ಲೆಕ್ಕ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಲು ಸಾಧ್ಯವಿಲ್ಲ. ಹವಾಮಾನದ ಕುರಿತ ನಿರ್ಧಾರಗಳನ್ನು ಎತ್ತರ ಉಳಿದಿರುವಾಗಲೇ ಕೈಗೊಳ್ಳಬೇಕು. ಗ್ಲೈಡಿಂಗ್ ಸೆಂಟರ್ ಪುಣೆಯ ಹಡಪ್ಸರದಲ್ಲಿಯೇ ಇರುವುದರಿಂದ ಅಲ್ಲಿನ ಕನ್ನಡಿಗರ ಮಕ್ಕಳಿಗೂ ಈ ವಿದ್ಯೆ ದೂರದ್ದಲ್ಲ. ಕಲಿಯುವವರಿಗೆ ಬೋಧಕರ ಮಾತು ಮತ್ತು ಆಯಾ ಗ್ಲೈಡರ್‌ನ ಕೈಪಿಡಿಯೇ ಅಂತಿಮ; ಅವರು ಹೇಳುವುದರ ಹಿಂದಿನ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗಾಳಿಯನ್ನು ಓದಬೇಕು. ಗಾಳಿಚೀಲ (ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ), ಹೊಗೆ ಮತ್ತು ಧೂಳು ಒಂದೇ ದಿಕ್ಕನ್ನು ತೋರಿಸುತ್ತಿವೆಯೇ ಎಂದು ನೋಡಿ, ಎದುರುಗಾಳಿಗೆ ಮುಖಮಾಡಿ ಇಳಿಯುವಂತೆ ಸುತ್ತನ್ನು ಯೋಜಿಸಬೇಕು. ಬಳಿಕ ವೇಗವನ್ನು ನಿಗದಿ ಮಾಡಿಕೊಳ್ಳಬೇಕು. ಸ್ಟಾಲ್ ವೇಗದ (ಇದಕ್ಕಿಂತ ನಿಧಾನವಾದರೆ ರೆಕ್ಕೆಗಳು ಗ್ಲೈಡರನ್ನು ಎತ್ತಿ ಹಿಡಿಯಲಾರದ ವೇಗ) 1.3 ಪಟ್ಟಿಗೆ ಗಾಳಿಯ ವೇಗದ ಅರ್ಧದಷ್ಟನ್ನು ಸೇರಿಸುವುದು ರೂಢಿಯಲ್ಲಿರುವ ಒಂದು ಲೆಕ್ಕ. ಸ್ಟಾಲ್ ವೇಗ ಗಂಟೆಗೆ 65 ಕಿ.ಮೀ., ಗಾಳಿ 20 ಕಿ.ಮೀ. ಇದ್ದರೆ ಸುಮಾರು 95 ಕಿ.ಮೀ. ವೇಗ ಬೇಕಾಗುತ್ತದೆ, ಗಾಳಿ ಬಿಟ್ಟು ಬಿಟ್ಟು ಜೋರಾಗಿ ಬೀಸುತ್ತಿದ್ದರೆ ಇನ್ನಷ್ಟು ಸೇರಿಸಬೇಕು.

ಈ ಹೆಚ್ಚುವರಿ ವೇಗದ ಅಗತ್ಯ ತಿಳಿಯುವುದು ನೆಲ ಹತ್ತಿರವಾಗುವಾಗ, ಕೊನೆಯ ಹತ್ತಾರು ಮೀಟರುಗಳಲ್ಲಿ. ಮರ, ಕಟ್ಟಡ ಮತ್ತು ನೆಲದ ಘರ್ಷಣೆಯಿಂದಾಗಿ ಗಾಳಿಯ ವೇಗ ಕೆಳಗಿಳಿದಂತೆ ಕಡಿಮೆಯಾಗುತ್ತದೆ. ಎದುರುಗಾಳಿಯಲ್ಲಿ ಇಳಿಯುತ್ತಿರುವ ಗ್ಲೈಡರ್, ಪೈಲಟ್ ಏನನ್ನೂ ಬದಲಿಸದಿದ್ದರೂ, ತನ್ನ ವಾಯುವೇಗವನ್ನು (ಸುತ್ತಲಿನ ಗಾಳಿಗೆ ಹೋಲಿಸಿದ ವೇಗವನ್ನು) ಕಳೆದುಕೊಂಡು ಕುಸಿಯತೊಡಗುತ್ತದೆ. ಆಗ ಮೂತಿಯನ್ನು ಮೇಲೆತ್ತುವ ಆಸೆಯನ್ನು ತಡೆದು, ಮೂತಿಯನ್ನು ತುಸು ತಗ್ಗಿಸಿ, ಏರ್‌ಬ್ರೇಕನ್ನು (ರೆಕ್ಕೆಯಿಂದ ಮೇಲೆದ್ದು ಗ್ಲೈಡರನ್ನು ಬೇಗ ಕೆಳಗಿಳಿಸುವ ಫಲಕವನ್ನು) ಮುಚ್ಚಬೇಕು. ಕೊನೆಯ ತಿರುವನ್ನು ತೀರ ಕೆಳಗೆ ತೆಗೆದುಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ: ವಾಲಿದ ಗ್ಲೈಡರ್‌ನ ಮೇಲಿನ ರೆಕ್ಕೆಗೆ ಹೆಚ್ಚು ಗಾಳಿ, ಕೆಳಗಿನ ರೆಕ್ಕೆಗೆ ಕಡಿಮೆ ಗಾಳಿ ಸಿಕ್ಕಿ, ಅದು ಇನ್ನಷ್ಟು ವಾಲುತ್ತದೆ. ನನ್ನ ದೃಷ್ಟಿಯಲ್ಲಿ ಹೊಸಬರಿಗೆ ಮನವರಿಕೆಯಾಗಲೇಬೇಕಾದ ಅಪಾಯ ಇದು, ಏಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ.

ಅಡ್ಡಗಾಳಿಯಿದ್ದರೆ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ಬಂದು, ನೆಲ ಮುಟ್ಟುವ ಮುನ್ನ ರಡ್ಡರ್‌ನಿಂದ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕದಿಂದ) ನೇರ ಮಾಡಬೇಕು.

ಪುಣೆಯ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನಗಳಿಗೆ ವಿಶೇಷ ಎಚ್ಚರ ಬೇಕು. ಸುಮಾರು 560 ಮೀಟರ್ ಎತ್ತರದ ಈ ಊರಿನಲ್ಲಿ ಬಿಸಿಲು 38 ಡಿಗ್ರಿ ತಲುಪಿದಾಗ ಗಾಳಿ ತೆಳುವಾಗಿರುವುದರಿಂದ, ಮಾಪಕ ಎಂದಿನ ವೇಗವನ್ನೇ ತೋರಿಸಿದರೂ ಗ್ಲೈಡರ್ ನೆಲದ ಮೇಲೆ ಹೆಚ್ಚು ವೇಗವಾಗಿ ಸಾಗಿ, ನಿಲ್ಲಲು ಹೆಚ್ಚು ಜಾಗ ಕೇಳುತ್ತದೆ. ಸಂಜೆಯ ಗುಡುಗುಮೋಡದಿಂದ ಕೆಳಗೆ ಸುರಿಯುವ ತಣ್ಣನೆಯ ಗಾಳಿಯಂತೂ ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆಯೇ ನೆಲದುದ್ದಕ್ಕೂ ನುಗ್ಗಿ ಬಂದು, ಎದುರುಗಾಳಿಯನ್ನು ಕ್ಷಣಾರ್ಧದಲ್ಲಿ ಹಿಂಗಾಳಿಯಾಗಿಸಬಲ್ಲದು. ದಿಗಂತದಲ್ಲಿ ಧೂಳಿನ ಗೋಡೆ ಕಂಡರೆ ಅಥವಾ ಗಾಳಿಚೀಲ ತಟ್ಟನೆ ತಿರುಗಿದರೆ ಕಾಯಬಾರದು. ಮೋಡ ಇನ್ನೂ ದೂರವಿರುವಾಗಲೇ ಇಳಿದಿರಬೇಕು.

ಮಳೆಹನಿಗಳು ರೆಕ್ಕೆಯ ನಯವನ್ನು ಕೆಡಿಸಿ ಸ್ಟಾಲ್ ವೇಗವನ್ನು ಏರಿಸುತ್ತವೆ. ವೇಗವನ್ನು ತುಸು ಹೆಚ್ಚಿಸಿ, ಎಂದಿಗಿಂತ ಹೆಚ್ಚು ಎತ್ತರವನ್ನು ಕಾಯ್ದಿಟ್ಟುಕೊಂಡು ಬರಬೇಕು. ಮುಂದಿನ ಗಾಜು ಮಸುಕಾದರೆ ಪಕ್ಕದ ಪುಟ್ಟ ಕಿಟಕಿಯನ್ನು ತೆರೆದು ನೋಡಬೇಕು.

ನೆಲ ಮುಟ್ಟಿದ ಮೇಲೂ ಪೂರ್ತಿ ನಿಲ್ಲುವವರೆಗೆ ರೆಕ್ಕೆಗಳನ್ನು ಸಮವಾಗಿಟ್ಟುಕೊಳ್ಳಬೇಕು. ಜೋರು ಗಾಳಿ ಹಗುರವಾದ ಗ್ಲೈಡರನ್ನು ಮಗುಚಿಬಿಡಬಲ್ಲದಾದ್ದರಿಂದ, ಸಹಾಯಕರು ಬಂದು ಗಾಳಿಯ ಕಡೆಯ ರೆಕ್ಕೆಯನ್ನು ಒತ್ತಿ ಹಿಡಿಯುವವರೆಗೆ ಪೈಲಟ್ ಏರ್‌ಬ್ರೇಕನ್ನು ತೆರೆದೇ ಇಟ್ಟು, ಕಾಕ್‌ಪಿಟ್‌ನಿಂದ ಏಳಬಾರದು.