ಹದಿನಾರು ಅಕ್ಷರ ಕಲಿತು ಹೊರಡಿ: ಸ್ಟಾಕ್‌ಹೋಮ್‌ನ ರೂನ್ ಶಾಸನ ಮತ್ತು ವೈಕಿಂಗ್ ವಸ್ತುಗಳನ್ನು ನೋಡುವ ಕ್ರಮ

ಸ್ಟಾಕ್‌ಹೋಮ್‌ನ ಸ್ವೀಡಿಷ್ ಇತಿಹಾಸ ಸಂಗ್ರಹಾಲಯದಲ್ಲಿ 2021ರಲ್ಲಿ ತೆರೆದ ವೈಕಿಂಗ್ ಪ್ರದರ್ಶನದಲ್ಲಿ ಸುಮಾರು 2,500 ಮೂಲ ವಸ್ತುಗಳಿವೆ. ಹೋದವರಲ್ಲಿ ಹೆಚ್ಚಿನವರು ಕತ್ತಿ, ಬೆಳ್ಳಿ, ಚಿನ್ನಗಳ ಮುಂದೆ ನಿಲ್ಲುತ್ತಾರೆ. ಕೆತ್ತಿದ ಕಲ್ಲು ಬಂದರೆ ಒಂದು ಫೋಟೊ ತೆಗೆದು ಮುಂದಕ್ಕೆ ಹೋಗುತ್ತಾರೆ. ಇದು ದೊಡ್ಡ ನಷ್ಟ. ವೈಕಿಂಗ್ ಕಾಲದ ರೂನ್ ಲಿಪಿಯಲ್ಲಿರುವುದು ಹದಿನಾರೇ ಅಕ್ಷರ, ಕಲ್ಲುಗಳ ಒಕ್ಕಣೆಯೂ ಹೆಚ್ಚಾಗಿ ಒಂದೇ ಅಚ್ಚಿನದು. ಹೊರಡುವ ಮೊದಲು ಒಂದು ಸಂಜೆ ಕೂತು ಕಲಿತರೆ ಕಲ್ಲಿನ ಮೇಲಿನ ಹೆಸರುಗಳನ್ನು ನೀವೇ ಓದಿ ಬರಬಹುದು.

ಮೊದಲನೇ ತಪ್ಪು ಆಗುವುದು ಮನೆಯಲ್ಲೇ. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಗುವುದು 24 ಅಕ್ಷರಗಳ ಪಟ್ಟಿ. ಭವಿಷ್ಯ ಹೇಳುವವರೂ ಹಚ್ಚೆ ಹಾಕುವವರೂ ಬಳಸುವುದು ಅದನ್ನೇ. ಅದು ಹಳೆಯ ಫುಥಾರ್ಕ್ (ಫುಥಾರ್ಕ್ ಎಂದರೆ ರೂನ್ ಅಕ್ಷರಮಾಲೆ), ಸುಮಾರು 2ನೇ ಶತಮಾನದಿಂದ 8ನೇ ಶತಮಾನದವರೆಗಿನದು. ಗಾಟ್ಲೆಂಡ್ ದ್ವೀಪದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 400ರ ಕಿಲ್ವರ್ ಕಲ್ಲಿನ ಮೇಲೆ ಆ 24 ಅಕ್ಷರಗಳನ್ನೂ ಸಾಲಾಗಿ ಕೆತ್ತಿದ್ದಾರೆ. ಆ ಕಲ್ಲು ಇದೇ ಸಂಗ್ರಹಾಲಯದ್ದು. ಸುಮಾರು 800ರ ಹೊತ್ತಿಗೆ ಸ್ಕ್ಯಾಂಡಿನೇವಿಯಾದಲ್ಲಿ ಅಕ್ಷರಗಳು ಹದಿನಾರಕ್ಕೆ ಇಳಿದವು. ಆದ್ದರಿಂದ ವೈಕಿಂಗ್ ಕಾಲದ ಕಲ್ಲಿನ ಮುಂದೆ ಹಳೆಯ ಪಟ್ಟಿ ಹಿಡಿದು ನಿಂತರೆ ಅರ್ಧ ಅಕ್ಷರ ಹೊಂದುತ್ತವೆ, ಅರ್ಧ ಕೈಕೊಡುತ್ತವೆ. ‘ಕಿರಿಯ ಫುಥಾರ್ಕ್’ ಎಂದು ಹುಡುಕಿ.

ಅಕ್ಷರಗಳನ್ನು ಪುಸ್ತಕದಲ್ಲಿ ಕೈಯಿಂದಲೇ ಬರೆದುಕೊಳ್ಳಿ. ಹೆಚ್ಚಿನ ಅಕ್ಷರಗಳಿಗೆ ಒಂದು ನೆಟ್ಟನೆಯ ಕಂಬ, ಅದಕ್ಕೆ ಕವಲು. ಮಲಗಿದ ಗೆರೆ ಇಲ್ಲವೇ ಇಲ್ಲ ಎನ್ನಬಹುದು, ಏಕೆಂದರೆ ಮರದ ಮೇಲೆ ಕೊರೆಯುವಾಗ ಅಂಥ ಗೆರೆ ಮರದ ಎಳೆಯೊಳಗೆ ಕಾಣೆಯಾಗುತ್ತದೆ. ಮೊದಲ ಗುಂಪಿನಲ್ಲಿ ಆರು. ಫ: ಬಲಕ್ಕೆ ಏರುವ ಎರಡು ಕವಲು. ಉ: ಕಂಬದ ತುದಿಯಿಂದ ಬಲಕ್ಕೆ ಬಾಗಿ ಬುಡದವರೆಗೆ ಇಳಿಯುವ ಗೆರೆ. ಥ: ಕಂಬದ ನಡುವೆ ಬಲಕ್ಕೆ ಒಂದು ಉಬ್ಬು. ನಾಲ್ಕನೆಯದು ಕಂಬವನ್ನು ಹಾಯುವ ಎರಡು ಓರೆಗೆರೆ. ಮೊದಲು ಮೂಗಿನಿಂದ ಹೊರಡುವ ಆ, 11ನೇ ಶತಮಾನದ ಕಲ್ಲುಗಳಲ್ಲಿ ಹೆಚ್ಚಾಗಿ ಒ. ರ ಇಂಗ್ಲಿಷಿನ ಆರ್‌ನಂತೆಯೇ. ಕ: ನಡುವಿನಿಂದ ಬಲಕ್ಕೆ ಏರುವ ಒಂದೇ ಕವಲು. ಎರಡನೆಯ ಗುಂಪಿನಲ್ಲಿ ಐದು. ಹ ನಕ್ಷತ್ರದ ಆಕಾರ. ನ ಎಂದರೆ ಕಂಬವನ್ನು ದಾಟುತ್ತ ಎಡದಿಂದ ಬಲಕ್ಕೆ ಇಳಿಯುವ ಓರೆಗೆರೆ. ಇ ಬರಿಯ ಕಂಬ. ಅ ಎಂದರೆ ಎಡದಿಂದ ಬಲಕ್ಕೆ ಏರುವ ಓರೆಗೆರೆ. ಸ ಅಂಕುಡೊಂಕು. ಕೊನೆಯ ಗುಂಪಿನಲ್ಲೂ ಐದು. ತ ಮೇಲ್ಮುಖ ಬಾಣ. ಬ ಇಂಗ್ಲಿಷಿನ ಬಿ. ಮ ಎರಡೂ ಕೈ ಮೇಲೆತ್ತಿ ನಿಂತ ಆಕೃತಿ. ಲ: ತುದಿಯಿಂದ ಬಲಕ್ಕೆ ಇಳಿಯುವ ಚಿಕ್ಕ ಕವಲು. ಕೊನೆಯದು ಇನ್ನೊಂದು ಬಗೆಯ ರಕಾರ, ಮ ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ. ಹಳಗನ್ನಡದ ರ, ಱ ಬೇರೆ ಬೇರೆ ಎಂದು ಬಲ್ಲವರಿಗೆ ಎರಡು ರಕಾರ ಹೊಸದಲ್ಲ. ಇಲ್ಲಿ ಅದನ್ನು ಱ ಎಂದೇ ಗುರುತು ಹಾಕಿಕೊಳ್ಳಿ.

ಕೆಲವು ಕಲ್ಲುಗಳಲ್ಲಿ ಕವಲುಗಳು ಮೊಟಕಾಗಿರುತ್ತವೆ. ನ ಅಕ್ಷರದ ಗೆರೆ ಕಂಬದ ಬಲಕ್ಕೆ ಮಾತ್ರ, ಅ ಅಕ್ಷರದ್ದು ಎಡಕ್ಕೆ ಮಾತ್ರ ಇದ್ದರೆ ಗಾಬರಿ ಬೇಡ. ಅಕ್ಷರ ಅದೇ.

ಹದಿನಾರೇ ಅಕ್ಷರ ಇರುವುದರಿಂದ ಒಂದೊಂದೂ ಹಲವು ಧ್ವನಿಗಳನ್ನು ಹೊರುತ್ತದೆ. ಕ ಎಂದು ಕಂಡದ್ದು ಗ ಆಗಿರಬಹುದು, ತ ಎಂಬುದು ದ, ಬ ಎಂಬುದು ಪ, ಇ ಎಂಬುದು ಎ. ಉ ಅಂತೂ ಉ, ಒ, ವ ಮೂರಕ್ಕೂ ಸಲ್ಲುತ್ತದೆ. ವ್ಯಂಜನದ ಹಿಂದಿನ ನಕಾರವನ್ನು ಆಗಾಗ ಬರೆಯುವುದೇ ಇಲ್ಲ. ಒತ್ತಕ್ಷರವನ್ನು ಎರಡು ಸಲ ಕೆತ್ತುವ ರೂಢಿಯೂ ಇಲ್ಲ.

ಇನ್ನು ಒಕ್ಕಣೆ. ‘ಇಂಥವರು ಈ ಕಲ್ಲನ್ನು ಇಂಥವರ ನೆನಪಿಗೆ ನಿಲ್ಲಿಸಿದರು’ ಎಂಬುದೇ ಅದರ ಬೆನ್ನೆಲುಬು. ಮೊದಲು ಬರುವ ಹೆಸರು ಕಲ್ಲು ನಿಲ್ಲಿಸಿದವರದು, ತೀರಿಕೊಂಡವರದು ಆಮೇಲೆ. ಇದನ್ನು ಮರೆತವರು ಬದುಕಿದ್ದವನನ್ನು ಸತ್ತವನೆಂದು ಓದುತ್ತಾರೆ. ಬಾಯಿಪಾಠ ಮಾಡಬೇಕಾದ ಪದಗಳು ಹತ್ತನ್ನು ಮೀರುವುದಿಲ್ಲ: ಸ್ತೈನ್ (ಕಲ್ಲು), ರೈಸ (ನಿಲ್ಲಿಸು), ಲಿತ್ (ಮಾಡಿಸಿದ), ಅತ್ ಅಥವಾ ಇಫ್ತಿಱ್ (ನೆನಪಿಗೆ), ಫಥುರ್ (ತಂದೆ), ಬ್ರುಥುರ್ (ಸೋದರ), ಸುನ್ (ಮಗ), ಔಕ್ (ಮತ್ತು), ಕುಥ್ (ದೇವರು). ಕೊನೆಯದನ್ನು ಕಂಡು ಅಚ್ಚರಿಪಡಬೇಡಿ. ಸ್ವೀಡನ್‌ನಲ್ಲಿ 2,500ಕ್ಕೂ ಹೆಚ್ಚು ವೈಕಿಂಗ್ ಕಾಲದ ರೂನ್ ಕಲ್ಲುಗಳಿವೆ, ಅರ್ಧದ ಹತ್ತಿರ ಉಪ್ಲಾಂಡ್ ಪ್ರಾಂತ್ಯದಲ್ಲೇ. ಅಲ್ಲಿನ ಹೆಚ್ಚಿನವು 11ನೇ ಶತಮಾನದಲ್ಲಿ ಕ್ರೈಸ್ತರಾಗಿದ್ದ ಕುಟುಂಬಗಳು ನಿಲ್ಲಿಸಿದವು. ನಡುವೆ ಶಿಲುಬೆ ಇರುವುದು ಅದಕ್ಕೇ.

ಅಭ್ಯಾಸಕ್ಕೆ ಸ್ಟಾಕ್‌ಹೋಮ್‌ನ ಉತ್ತರಕ್ಕಿರುವ ಟೇಬಿಯ ಯಾರ್ಲಬಂಕೆಯ ಕಲ್ಲಿಗಿಂತ ಒಳ್ಳೆಯ ಪಾಠವಿಲ್ಲ. ಅದರ ಕ್ರಮಸಂಖ್ಯೆ ಯು 164. ಅಕ್ಷರಶಃ ಹೀಗಿದೆ:

ಇಅರ್ಲಬಕಿ × ಲಿತ್ × ರೈಸ × ಸ್ತೈನ್ × ಥಿಸ × ಅತ್ ಸಿಕ್ × ಕುಇಕುಅನ್ × ಔಕ್ ಬ್ರು × ಥಿಸ × ಕರ್ಥಿ × ಫುರ್ ಒನ್ತ್ × ಸಿನ × ಔಕ್ ಐನ್ ಅತಿ × ಅಲನ್ × ತಬು × ಕುಥ್ ಹಿಅಲ್ಬಿ ಒನ್ತ್ ಹನ್ಸ್

‘ಯಾರ್ಲಬಂಕೆ ತಾನು ಬದುಕಿರುವಾಗಲೇ ತನ್ನ ನೆನಪಿಗೆ ಈ ಕಲ್ಲುಗಳನ್ನು ನಿಲ್ಲಿಸಿದ, ತನ್ನ ಆತ್ಮಕ್ಕಾಗಿ ಈ ಸೇತುವೆ ಕಟ್ಟಿಸಿದ, ಇಡೀ ಟೇಬಿ ಅವನೊಬ್ಬನದಾಗಿತ್ತು. ದೇವರು ಅವನ ಆತ್ಮಕ್ಕೆ ನೆರವಾಗಲಿ.’ ಹೆಸರಿನ ನಕಾರ ಕಲ್ಲಿನ ಮೇಲಿಲ್ಲ, ನೋಡಿ. ಹಿಅಲ್ಬಿ ಎಂಬಲ್ಲಿ ಪಕಾರಕ್ಕೆ ಬ ಬಂದಿದೆ, ಕರ್ಥಿ ಎಂಬಲ್ಲಿ ಗಕಾರಕ್ಕೆ ಕ. ಮೇಲೆ ಹೇಳಿದ ನಿಯಮಗಳೆಲ್ಲ ಈ ಒಂದೇ ಕಲ್ಲಿನಲ್ಲಿ ಸಿಗುತ್ತವೆ. ಎದುರಿನ ಯು 165ರ ಮೇಲೂ ಹೆಚ್ಚುಕಡಿಮೆ ಇದೇ ಮಾತು.

ಕಲ್ಲಿನ ಮುಂದೆ ನಿಂತಾಗ

ಅಕ್ಷರಗಳು ಹಾವಿನಂಥ ಪಟ್ಟಿಯೊಳಗೆ ಸಾಗುತ್ತವೆ. ಉಪ್ಲಾಂಡ್ ಕಲ್ಲುಗಳಲ್ಲಿ ಓದು ಸಾಮಾನ್ಯವಾಗಿ ಹಾವಿನ ತಲೆಯ ಕಡೆಯಿಂದ ಶುರು. ಆ ತಲೆ ಬಹಳ ಸಲ ಕೆಳಗೆ ಎಡಕ್ಕಿರುತ್ತದೆ. ಪದಗಳ ನಡುವೆ ಗುಣಾಕಾರದ ಗುರುತೋ ಎರಡು ಚುಕ್ಕಿಯೋ ಇದ್ದರೆ ಕೆಲಸ ಸುಲಭ. ಮೊದಲ ಅಕ್ಷರದಿಂದಲೇ ಹಿಡಿಯಲು ಹೋಗದೆ ‘ಔಕ್’, ‘ಸ್ತೈನ್’ ಎರಡನ್ನು ಹುಡುಕಿ. ಅವು ಸಿಕ್ಕರೆ ಅಕ್ಕಪಕ್ಕದ್ದು ಬಿಡಿಸಿಕೊಳ್ಳುತ್ತದೆ.

ಪಟ್ಟಿ ಸುತ್ತಿಕೊಂಡು ಹೋಗುವುದರಿಂದ ಕೆಲವು ಅಕ್ಷರ ತಲೆಕೆಳಗಾಗಿ ಕಾಣುತ್ತವೆ. ಆಗ ಮ ಮತ್ತು ಱ ಅದಲುಬದಲಾಗಿ ಓದು ಕೆಡುತ್ತದೆ. ಇದಕ್ಕೆ ಮದ್ದು ತ ಅಕ್ಷರ: ಬಾಣದ ಮೊನೆ ಎತ್ತ ಇದೆಯೋ ಅತ್ತಲೇ ಮೇಲು. ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಕೆತ್ತಿದ ಸಾಲುಗಳೂ ಉಂಟು; ಅಂಥಲ್ಲಿ ನ ಮತ್ತು ಅ ಅದಲುಬದಲಾಗುತ್ತವೆ. ರ ಅಥವಾ ಬ ಅಕ್ಷರದ ಹೊಟ್ಟೆ ಎಡಕ್ಕಿದ್ದರೆ ಸಾಲು ತಿರುಗಿದೆ ಎಂದರ್ಥ.

ಗೆರೆಗಳೊಳಗಿನ ಕೆಂಪು ಬಣ್ಣವನ್ನು ಪೂರ್ತಿ ನಂಬಬೇಡಿ. ಕಲ್ಲುಗಳಿಗೆ ಆ ಕಾಲದಲ್ಲೂ ಬಣ್ಣವಿತ್ತು, ಅದರ ಕುರುಹುಗಳು ಸಿಕ್ಕಿವೆ. ಈಗ ಕಾಣುವ ಕೆಂಪಾದರೋ ನಮ್ಮ ಕಾಲದವರು ಓದಲು ಅನುಕೂಲವಾಗಲೆಂದು ತುಂಬಿದ್ದು. ಸವೆದ ಜಾಗದಲ್ಲಿ ಬಣ್ಣ ಹಚ್ಚಿದವರ ಓದೇ ಅಲ್ಲಿದೆ. ಪಕ್ಕಕ್ಕೆ ಸರಿದು ಓರೆಯಿಂದ ನೋಡಿ, ನಿಜವಾದ ತೋಡು ನೆರಳಿನಲ್ಲಿ ಕಾಣುತ್ತದೆ. ಒಳಾಂಗಣದಲ್ಲಿ ಫೋನಿನ ಟಾರ್ಚ್ ಹಾಕಬೇಡಿ, ಫ್ಲ್ಯಾಶ್ ಆರಿಸಿಡಿ.

ಸಂಗ್ರಹಾಲಯದೊಳಗೆ

ಮೆಟ್ರೊದ ಕೆಂಪು ಮಾರ್ಗದಲ್ಲಿ ಕಾರ್ಲಪ್ಲಾನ್ ನಿಲ್ದಾಣಕ್ಕೆ ಬಂದರೆ ನಾರ್ವವೇಗನ್ ರಸ್ತೆಯಲ್ಲಿ ಸ್ವಲ್ಪ ನಡಿಗೆ. ಸಮಯವೂ ವಾರದ ರಜೆಯೂ ಋತುವಿನ ಮೇಲೆ ಬದಲಾಗುತ್ತವೆ, ಹಿಂದಿನ ದಿನ ಜಾಲತಾಣ ನೋಡಿ. ಸ್ವೀಡನ್‌ನಲ್ಲಿ ನಗದು ನಡೆಯುವ ಜಾಗ ಕಡಿಮೆ, ಕಾರ್ಡ್ ಇರಲಿ. ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಟಿಕೆಟ್ ಕೌಂಟರಿನಲ್ಲೇ ಗಾಟ್ಲೆಂಡಿನ ಕಿಲ್ವರ್, ಚೆಂಗ್ವಿಡೆ, ಆರ್ಡ್ರೆ ಕಲ್ಲುಗಳು ಆ ದಿನ ಎಲ್ಲಿವೆ ಎಂದು ಕೇಳಿಕೊಳ್ಳಿ. ವಸ್ತುಗಳನ್ನು ಆಗಾಗ ಸಂರಕ್ಷಣೆಗೆಂದು ಒಳಗಿಡುತ್ತಾರೆ.

ವಸ್ತುವಿನ ಪಕ್ಕದ ಚೀಟಿ ಓದುವಾಗ ಮೂರು ವಿಷಯ ನೋಡಿ: ಎಲ್ಲಿ ಸಿಕ್ಕಿತು, ಯಾವ ಕಾಲ, ಮೂಲವೋ ನಕಲೋ. ‘ಕೋಪಿಯಾ’ ಎಂದಿದ್ದರೆ ನಕಲು. ‘ವೆಂಡೆಲ್ ಕಾಲ’ ಎಂದರೆ ಸುಮಾರು 550ರಿಂದ 800, ವೈಕಿಂಗರಿಗಿಂತ ಮುಂಚಿನದು. ನೆಲಮಾಳಿಗೆಯ ಚಿನ್ನದ ಕೋಣೆಯಲ್ಲಿ ಜನ ಎಡವುವುದು ಇಲ್ಲೇ. ಅಲ್ಲಿನ ಮೂರು ಚಿನ್ನದ ಕಂಠಾಭರಣಗಳು 5–6ನೇ ಶತಮಾನದವು: ಓಲೆಬೆರಿಯದು ಮೂರು ಸುತ್ತು, ಫೇರ್ಯೆಸ್ತಾದೆನ್‌ನದು ಐದು, ಮ್ಯೋನೆಯದು ಏಳು. ಅದ್ಭುತವಾದ ಕೆಲಸ, ಆದರೆ ವೈಕಿಂಗರದಲ್ಲ. ಆ ಕೋಣೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ನೋಡಿದರೆ ಕಬ್ಬಿಣ, ಮೂಳೆ, ಗಾಜಿನ ಸಣ್ಣ ವಸ್ತುಗಳ ಮೇಲೆ ಕಣ್ಣು ನಿಲ್ಲುವುದಿಲ್ಲ.

ಆ ಸಣ್ಣ ವಸ್ತುಗಳಲ್ಲೇ ಸಾರವಿದೆ. ಹೆಲ್ಯೋ ದ್ವೀಪದಲ್ಲಿ 1956ರಲ್ಲಿ ಸಿಕ್ಕ ಕಂಚಿನ ಬುದ್ಧ ಬರೀ 8 ಸೆಂಟಿಮೀಟರಿನಷ್ಟು ಎತ್ತರ. ಕಮಲದ ಮೇಲೆ ಕುಳಿತ ಆ ಮೂರ್ತಿ ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಕಡೆಯದು. ಇಷ್ಟು ಚಿಕ್ಕದಿದೆ ಎಂದು ತಿಳಿದಿರದಿದ್ದರೆ ದಾಟಿಕೊಂಡೇ ಹೋಗುತ್ತೀರಿ. ಅದೇ ನೆಲೆಯಲ್ಲಿ ಐರ್ಲೆಂಡಿನ ಬಿಷಪ್ ದಂಡದ ತಲೆಯೂ ಈಜಿಪ್ಟಿನ ಕಡೆಯ ಸೌಟೂ ಸಿಕ್ಕಿವೆ.

ಬೆಳ್ಳಿಯ ರಾಶಿಯ ಮುಂದೆ ನಿಧಾನಿಸಿ. ಅರಬ್ಬೀ ಅಕ್ಷರದ ದಿರ್ಹಂ ನಾಣ್ಯಗಳು ವೋಲ್ಗಾ ನದಿಯ ದಾರಿಯಿಂದ ಬಂದವು, ಎಷ್ಟೋ ಸಮರ್ಕಂಡ್, ತಾಷ್ಕೆಂಟ್‌ಗಳ ಟಂಕಸಾಲೆಯವು. ಇಲ್ಲಿ ಅವು ತೂಕದ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ ಅರ್ಧ, ಕಾಲು ತುಂಡುಗಳಾಗಿವೆ. ಅಂಚಿನಲ್ಲಿ ಚಾಕುವಿನ ಸಣ್ಣ ಕಚ್ಚು ಹುಡುಕಿ. ಬೆಳ್ಳಿ ಅಪ್ಪಟವೇ ಎಂದು ಪರೀಕ್ಷಿಸಿದ ಗುರುತು ಅದು. ಪಕ್ಕದಲ್ಲಿ ಮಡಚುವ ತಕ್ಕಡಿ, ತೂಕದ ಬಟ್ಟುಗಳು ಕಂಡರೆ ಎರಡನ್ನೂ ಕೂಡಿಸಿ ನೋಡಿ. ಜೋಡಿಯಾಗಿ ಸಿಗುವ, ಆಮೆಯ ಬೆನ್ನಿನಂಥ ಕಂಚಿನ ಪಿನ್ನುಗಳು ಹೆಂಗಸರು ಎರಡು ಭುಜಗಳ ಬಳಿ ಉಡುಪಿನ ಪಟ್ಟಿಗೆ ಹಾಕುತ್ತಿದ್ದವು; ಮಣಿಸರ ಅವೆರಡರ ನಡುವೆ ತೂಗುತ್ತಿತ್ತು. ಬಟ್ಟೆಯ ಚೂರುಗಳಿರುವ ಕಡೆ ದೀಪ ಬಹಳ ಮಂದ, ಬೆಳಕಿಗೆ ಬಣ್ಣ ಹಾಳಾಗುತ್ತದೆಂದು. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಡಿ.

ವೈಕಿಂಗ್ ಕಾಲದ ವ್ಯಾಪಾರ ಪಟ್ಟಣವಾದ ಬಿರ್ಕಾದ 581ನೇ ಸಂಖ್ಯೆಯ ಸಮಾಧಿಯನ್ನು ಬಿಡಬೇಡಿ. 1878ರಲ್ಲಿ ಹ್ಯಾಲ್ಮರ್ ಸ್ಟೋಲ್ಪೆ ಅಗೆದಾಗ ಕತ್ತಿ, ಕೊಡಲಿ, ಬಾಣ, ಎರಡು ಕುದುರೆ, ಆಟದ ಕಾಯಿಗಳು ದೊರೆತು, ಇದು ಯೋಧನೊಬ್ಬನದೆಂದು ಬಹುಕಾಲ ನಂಬಿದ್ದರು. 2017ರ ಡಿಎನ್ಎ ಪರೀಕ್ಷೆ ಆ ಮೂಳೆಗಳು ಹೆಣ್ಣಿನವೆಂದು ತೋರಿಸಿತು. ಕೊಂಬಿನ ಶಿರಸ್ತ್ರಾಣ ಹುಡುಕುವವರಿಗೆ ಒಂದು ಮಾತು: ಅದು ಇಲ್ಲಿ ಸಿಗದು. ಡೆನ್ಮಾರ್ಕಿನಲ್ಲಿರುವ ಕೊಂಬಿನ ಜೋಡಿ ವೈಕಿಂಗರಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಕಂಚಿನ ಯುಗದ್ದು.

ಗಾಟ್ಲೆಂಡಿನ ಚಿತ್ರಶಿಲೆಗಳಲ್ಲಿ ಚೆಂಗ್ವಿಡೆಯದು ನಮ್ಮ ಮೆಚ್ಚಿನದು. ಎಂಟು ಕಾಲಿನ ಕುದುರೆಯ ಸವಾರ, ಅವನನ್ನು ಪಾನಪಾತ್ರೆಯೊಡನೆ ಎದುರುಗೊಳ್ಳುವ ಹೆಣ್ಣು, ಜೊತೆಗೆ ರೂನ್ ಬರಹ. ಚಿತ್ರಕ್ಕೂ ಬರಹಕ್ಕೂ ಒಂದೇ ಕಡೆ ಅಭ್ಯಾಸ ಆಗುತ್ತದೆ.

ಹೊರಗೆ, ಬಯಲಲ್ಲಿ

ಹಳೇ ಊರಾದ ಗಾಮ್ಲಾ ಸ್ಟಾನ್‌ನಲ್ಲಿ ಪ್ರೆಸ್ಟ್‌ಗಾತನ್ ಮತ್ತು ಕೋಕ್‌ಬ್ರಿಂಕೆನ್ ಕೂಡುವ ಮೂಲೆಯ ಗೋಡೆಯಲ್ಲಿ ಯು 53 ಎಂಬ ಕಲ್ಲಿನ ತುಂಡು ಸೇರಿಕೊಂಡಿದೆ. ಟಿಕೆಟ್ ಬೇಡ. ಟೋರ್ಸ್ಟೆನ್ ಮತ್ತು ಫ್ರ್ಯೋಗುನ್ ತಮ್ಮ ಮಗನ ನೆನಪಿಗೆ ನಿಲ್ಲಿಸಿದ್ದು. ಕಟ್ಟಡದವರಿಗೆ ಮೂಲೆಗಲ್ಲಾಗಿ ಒದಗಿತು. ಉಪ್ಸಾಲಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಅಲ್ಲಿನ ವಿಶ್ವವಿದ್ಯಾಲಯದ ಉದ್ಯಾನದಲ್ಲಿ ಹಲವು ಕಲ್ಲುಗಳು ಹತ್ತಿರ ಹತ್ತಿರ ನಿಂತಿವೆ.

ಬಯಲಿನ ಕಲ್ಲಿಗೆ ನಡುಹಗಲು ಸಲ್ಲದು, ನೆತ್ತಿಯ ಬಿಸಿಲಿನಲ್ಲಿ ತೋಡುಗಳಿಗೆ ನೆರಳೇ ಬೀಳುವುದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿಗೆ ಹೋಗಿ. ಮೋಡವಿದ್ದರೆ ಮುಸ್ಸಂಜೆಗೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಾಯಿಸಿ. ಕಲ್ಲುಹೂವನ್ನು ಕೆರೆಯಬೇಡಿ, ಸೀಮೆಸುಣ್ಣದಿಂದ ತಿದ್ದಬೇಡಿ, ನೀರು ಹಾಕಿ ಉಜ್ಜಬೇಡಿ. ಕೆರೆದರೆ ಕಲ್ಲಿನ ಮೇಲ್ಪದರವೇ ಕಿತ್ತುಬರುತ್ತದೆ, ಈ ಕಲ್ಲುಗಳಿಗೆ ಕಾನೂನಿನ ರಕ್ಷಣೆಯೂ ಇದೆ.

ಪ್ರತಿ ಕಲ್ಲಿಗೂ ಕ್ರಮಸಂಖ್ಯೆ ಉಂಟು: ಉಪ್ಲಾಂಡಿಗೆ ಯು, ಗಾಟ್ಲೆಂಡಿಗೆ ಜಿ, ಡೆನ್ಮಾರ್ಕಿಗೆ ಡಿಆರ್. ಅದನ್ನು ಬರೆದುಕೊಂಡು ಸ್ವೀಡನ್‌ನ ‘ರೂನೊರ್’ ಎಂಬ ಉಚಿತ ಜಾಲತಾಣದಲ್ಲಿ ಹುಡುಕಿದರೆ ಅಕ್ಷರಶಃ ಓದು, ಅನುವಾದ, ಇರುವ ಜಾಗ ಎಲ್ಲ ಸಿಗುತ್ತದೆ. ಮೊದಲು ನಿಮ್ಮ ಓದನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಅದನ್ನು ತೆರೆಯಿರಿ.